ಎ ಸೈಡ್‌ಗೆ ಎಷ್ಟು, ಬಿ ಸೈಡ್‌ಗೆ ಎಷ್ಟು

ಕಳೆದ ತಿಂಗಳು ರೆಕಾರ್ಡ್ ಪ್ಲೇಯರ್‌ನ ಮುಳ್ಳು ಬದಲಾಯಿಸಿದೆ. ಅದರಿಂದ ದೊಡ್ಡ ಕೆಲಸವೊಂದು ತಲೆ ಮೇಲೆ ಬಂತು. ನನ್ನ ಹತ್ತಿರ ಇರುವ 140 ಎಲ್‌ಪಿಗಳಿಗೆ, ಅಂದರೆ ಎರಡೂ ಬದಿಯಲ್ಲಿ ಹಾಡಿರುವ ದೊಡ್ಡ ರೆಕಾರ್ಡ್‌ಗಳಿಗೆ, ಇಷ್ಟು ವರ್ಷ ಕೊಟ್ಟಿದ್ದ ಅಂಕಗಳನ್ನೆಲ್ಲ ಮತ್ತೆ ತಿದ್ದಬೇಕು.

ನಾನು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಅಂಕ ಕೊಡುವುದು ದಿನದ ಕೆಲಸ. ರೆಕಾರ್ಡ್ ಕೊಳ್ಳಲು ಶುರು ಮಾಡಿದಾಗಲೇ ಒಂದು ಲಾಂಗ್ ಬುಕ್ ಇಟ್ಟೆ. ಒಂದು ರೆಕಾರ್ಡಿಗೆ ಒಂದು ಸಾಲು. ಹೆಸರು, ವರ್ಷ, ಎಲ್ಲಿ ಕೊಂಡೆ, ಎಷ್ಟು ಕೊಟ್ಟೆ, ಆಮೇಲೆ ಎರಡು ಕಾಲಂ. ಎ ಸೈಡ್‌ಗೆ ಹತ್ತಕ್ಕೆ ಎಷ್ಟು, ಬಿ ಸೈಡ್‌ಗೆ ಹತ್ತಕ್ಕೆ ಎಷ್ಟು. ಅರ್ಧ ಅಂಕವೂ ಉಂಟು. ಎಲ್ಲ ಪೆನ್ಸಿಲ್‌ನಲ್ಲಿ.

ಇಡೀ ಆಲ್ಬಮ್‌ಗೆ ಒಂದೇ ಅಂಕ ಯಾಕಿಲ್ಲ ಅಂತ ತುಂಬಾ ಜನ ಕೇಳಿದ್ದಾರೆ. ಎಲ್‌ಪಿ ಒಂದೇ ಸಲ ಕೂತು ಕೇಳುವ ವಸ್ತು ಅಲ್ಲ. ಒಂದು ಬದಿ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತದೆ. ಎದ್ದು ಹೋಗಬೇಕು, ಮುಳ್ಳು ಎತ್ತಬೇಕು, ಪ್ಲೇಟು ತಿರುಗಿಸಬೇಕು. ಅಷ್ಟರಲ್ಲಿ ಕಿವಿಗೂ ಸ್ವಲ್ಪ ಬಿಡುವು ಸಿಗುತ್ತದೆ. ಆ ಕಾಲದಲ್ಲಿ ಆಲ್ಬಮ್ ಮಾಡಿದವರಿಗೆ ಇದು ಗೊತ್ತಿತ್ತು. ಯಾವುದು ಎ ಸೈಡ್‌ನ ಕೊನೆಗೆ, ಯಾವುದು ಬಿ ಸೈಡ್‌ನ ಮೊದಲಿಗೆ ಅಂತ ಲೆಕ್ಕ ಹಾಕಿಯೇ ಇಟ್ಟಿರುತ್ತಿದ್ದರು.

ಇನ್ನೊಂದು ಕಾರಣ ಪ್ಲೇಟಿನಲ್ಲೇ ಇದೆ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ವೃತ್ತದ ಸುತ್ತಳತೆ ಹೇಳಿಕೊಡುವಾಗ ಒಂದು ಹಳೇ ಎಲ್‌ಪಿ ತಗೊಂಡು ಹೋಗಿದ್ದೆ. ಪ್ಲೇಟು ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಆ ವೇಗ ಬದಲಾಗಲ್ಲ. ಆದರೆ ಹೊರಗಿನ ಸುತ್ತು ದೊಡ್ಡದು, ಒಳಗಿನ ಸುತ್ತು ಚಿಕ್ಕದು. ಮಕ್ಕಳೇ ಸ್ಕೇಲ್ ಇಟ್ಟು ಅಳೆದು ಲೆಕ್ಕ ಮಾಡಿದರು. ಮೊದಲ ಹಾಡಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಓಡುತ್ತದೆ. ಕೊನೆಯ ಹಾಡಿಗೆ ಬರುವಷ್ಟರಲ್ಲಿ ಅದು 20ರ ಹತ್ತಿರಕ್ಕೆ ಇಳಿದಿರುತ್ತದೆ. ಅದೇ ಒಂದು ಸೆಕೆಂಡಿನ ಹಾಡನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಹಿಡಿಸಬೇಕು. ಅದಕ್ಕೇ ಕೊನೆಯ ಹಾಡಿನಲ್ಲಿ ಸ, ಶ ಅಕ್ಷರಗಳು ಹರಿದ ಹಾಗೆ ಕೇಳುತ್ತವೆ, ಎತ್ತರದ ದನಿ ಒಡೆಯುತ್ತದೆ. ಮುಳ್ಳು ಸವೆದಿದ್ದರಂತೂ ಇದು ಇನ್ನೂ ಜಾಸ್ತಿ.

ವಜ್ರದ ಮುಳ್ಳೂ ಸವೆಯುತ್ತದೆ. 500ರಿಂದ 1000 ಗಂಟೆ ಬಾಳಿದರೆ ಸಾಕು. ನಾನು ಗಂಟೆ ಲೆಕ್ಕ ಇಟ್ಟಿರಲಿಲ್ಲ. ಹೊಸ ಮುಳ್ಳು ಹಾಕಿ ಬ್ರಿಟಿಷ್ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ 1973ರ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಕೇಳಿದ ದಿನ ವಿಷಯ ಅರ್ಥವಾಯಿತು. ಎ ಸೈಡ್‌ನ ಕಟ್ಟಕಡೆಯಲ್ಲಿ ಕ್ಲೇರ್ ಟೋರಿ ಹಾಡುತ್ತಾರೆ. ಒಂದು ಪದವೂ ಇಲ್ಲ, ಬರೀ ಕಂಠ. ಆಲಾಪ ಕೇಳಿ ಬೆಳೆದವರಿಗೆ ಅದು ಹೊಸದಲ್ಲ. ಆದರೆ ಕಂಠ ತಾರಕ್ಕೆ ಹೋಗುವ ಜಾಗ ಪ್ಲೇಟಿನಲ್ಲಿ ಒಳಗಿನ ಸುತ್ತಿಗೇ ಬಂದಿದೆ. ನನ್ನ ಹಳೇ ಮುಳ್ಳಿನಲ್ಲಿ ಅಲ್ಲಿ ದನಿ ಕರ್ಕಶವಾಗುತ್ತಿತ್ತು. 'ಕೊನೆಯಲ್ಲಿ ಕಿರುಚಾಟ' ಅಂತ ಬರೆದು 7.5 ಕೊಟ್ಟಿದ್ದೆ. ಈಗ ಕೇಳಿದರೆ ಕಿರುಚಾಟ ಎಲ್ಲಿದೆ? ಉಸಿರು ಎಳೆದುಕೊಳ್ಳುವುದು ಕೂಡ ಕೇಳುತ್ತದೆ. ಜೋರಾಗಿ ಹಾಡಿದ ಮೇಲೆ ದನಿ ಇಳಿಸಿ, ಸುಸ್ತಾದವರ ಹಾಗೆ ಮೆಲ್ಲಗೆ ಬರುತ್ತಾರಲ್ಲ, ಅಲ್ಲಿ ನನ್ನ ಕಣ್ಣಲ್ಲಿ ನೀರು ಬಂತು. 9 ಅಂತ ತಿದ್ದಿದೆ. ಆ ಹಾಡಿಗೆ ಅವರಿಗೆ ಆಗ ಸಿಕ್ಕಿದ್ದು 30 ಪೌಂಡ್. ರಚನೆಯಲ್ಲಿ ಅವರ ಹೆಸರು ಸೇರಲು 2005ರವರೆಗೆ ಕಾಯಬೇಕಾಯಿತು, ಅದೂ ಕೋರ್ಟಿಗೆ ಹೋದ ಮೇಲೆ. ಬಿ ಸೈಡ್ ಶುರುವಾಗುವುದು ದುಡ್ಡಿನ ಸದ್ದಿನಿಂದ. ಆ ಹಾಡು ಏಳು ಎಣಿಕೆಯದು. ತೊಡೆ ಮೇಲೆ ಮಿಶ್ರ ಚಾಪು ಹಾಕಿದೆ, ಸರಿಯಾಗಿ ಕೂತಿತು. ಗಿಟಾರ್ ಬಂದಾಗ ನಾಲ್ಕಕ್ಕೆ ತಿರುಗುತ್ತದೆ, ಆಮೇಲೆ ಮತ್ತೆ ಏಳು. 8, ಮೊದಲಿನಷ್ಟೇ.

'ಕಾಲ್ ಆಫ್ ದ ವ್ಯಾಲಿ' 1967ರದ್ದು. ಶಿವಕುಮಾರ್ ಶರ್ಮಾ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು, ಬ್ರಿಜ್‌ಭೂಷಣ್ ಕಾಬ್ರಾ ಅವರ ಗಿಟಾರ್. ಕಾಬ್ರಾ ಗಿಟಾರನ್ನು ತೊಡೆ ಮೇಲೆ ಮಲಗಿಸಿಕೊಂಡು ಜಾರಿಸಿ ನುಡಿಸುತ್ತಿದ್ದರು. ಸಂತೂರ್, ಕೊಳಲಿನ ಇಬ್ಬರಿಗೂ ಆಗ ಮೂವತ್ತೂ ಆಗಿರಲಿಲ್ಲ. ಕಾಶ್ಮೀರದ ಒಬ್ಬ ಕುರುಬನ ಒಂದು ದಿನ, ಬೆಳಗಿನಿಂದ ರಾತ್ರಿವರೆಗೆ. ಬೆಳಗಿನ ರಾಗ ಅಹಿರ್ ಭೈರವ್ ಇರುವ ಎ ಸೈಡ್‌ಗೆ ನಾನು 9.5 ಕೊಡುತ್ತೇನೆ, ಎರಡನೇ ಮಾತಿಲ್ಲ. ನಮ್ಮ ಚಕ್ರವಾಕ ಕೇಳಿದ ಕಿವಿಗೆ ತಕ್ಷಣ ಹತ್ತಿರವಾಗುತ್ತದೆ. ಬಿ ಸೈಡ್‌ಗೆ 6.5. ಈ ಅಂಕಕ್ಕೆ ಸ್ನೇಹಿತರು ನನ್ನ ಮೇಲೆ ಜಗಳಕ್ಕೇ ಬರುತ್ತಾರೆ. ಆದರೂ ಬದಲಾಯಿಸಲ್ಲ. ಒಂದೇ ಬದಿಯಲ್ಲಿ ಭೂಪ್, ದೇಸ್, ಪಹಾಡಿ ಮೂರೂ ಬರುತ್ತವೆ. ಭೂಪ್ ಅಂದರೆ ನಮ್ಮ ಮೋಹನ. ಬಿಡಿಸಿದಷ್ಟೂ ಅರಳುವ ರಾಗ. ಅದು ಆರೇಳು ನಿಮಿಷಕ್ಕೆ ಎದ್ದು ಹೋದರೆ ಬಡಿಸಿದ ಎಲೆ ಮುಂದಿನಿಂದ ಎಬ್ಬಿಸಿದ ಹಾಗೆ ಆಗುತ್ತದೆ.

ಜಾಜ್‌ಗೆ ನಾನು ತಡವಾಗಿ ಬಂದೆ. ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' ನನ್ನ ಬಳಿ 80ರ ದಶಕದಲ್ಲಿ ಅಚ್ಚಾದ ಪ್ರತಿ ಇದೆ. ಇದರ ಎ ಸೈಡ್‌ನ ಮೂರೂ ಹಾಡು 1959ರ ಮಾರ್ಚ್ 2ರಂದು ರೆಕಾರ್ಡ್ ಆದವು. ಅವತ್ತು ಟೇಪ್ ಮೆಷಿನ್ ಚೂರು ನಿಧಾನವಾಗಿ ಓಡಿತ್ತು. ನಿಧಾನವಾಗಿ ಹಿಡಿದದ್ದನ್ನು ಸರಿಯಾದ ವೇಗದಲ್ಲಿ ಬಿಟ್ಟರೆ ಶ್ರುತಿ ಏರುತ್ತದೆ ಅಲ್ವಾ? ಮೂವತ್ತು ವರ್ಷಕ್ಕೂ ಮೇಲೆ ಜನ ಏರಿದ ಶ್ರುತಿಯಲ್ಲೇ ಅದನ್ನು ಕೇಳಿದರು. 1992ರಲ್ಲಿ ಸರಿಪಡಿಸಿದರು. ಬಿ ಸೈಡ್ ಏಪ್ರಿಲ್ 22ರದ್ದು, ಅದರಲ್ಲಿ ಈ ತೊಂದರೆ ಇಲ್ಲ.

ಇದನ್ನು ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ. ಮಗಳ ಸಂಗೀತ ಪಾಠದ ಶ್ರುತಿ ಪೆಟ್ಟಿಗೆ ತೆಗೆದೆ. ಮೊದಲು ಬಿ ಸೈಡ್ ಹಾಕಿದೆ. 'ಆಲ್ ಬ್ಲೂಸ್' ಜಿ ಶ್ರುತಿಯದ್ದು. ಪೆಟ್ಟಿಗೆಯನ್ನು ಜಿಗೆ ಇಟ್ಟೆ, ಹಾಲಿಗೆ ಸಕ್ಕರೆ ಬೆರೆತ ಹಾಗೆ ಬೆರೆತುಹೋಯಿತು. ಅಂದರೆ ನನ್ನ ಪ್ಲೇಯರ್ ವೇಗ ಸರಿಯಾಗಿದೆ. ಆಮೇಲೆ ಪ್ಲೇಟು ತಿರುಗಿಸಿ 'ಫ್ರೆಡ್ಡಿ ಫ್ರೀಲೋಡರ್' ಹಾಕಿದೆ. ಪೆಟ್ಟಿಗೆಯನ್ನು ಆ ಹಾಡಿನ ಶ್ರುತಿಯಾದ ಎ ಶಾರ್ಪ್‌ಗೆ ತಿರುಗಿಸಿದೆ. ಒಂದು ತುಂಬಾ ಸಣ್ಣ ಕಿರಿಕಿರಿ. ಪಿಯಾನೋ ಶ್ರುತಿಗಿಂತ ಕೂದಲೆಳೆಯಷ್ಟು ಮೇಲೆ ನಿಂತಿದೆ. ಮಗಳು ರೂಮಿನಿಂದಲೇ 'ಅಮ್ಮಾ, ಶ್ರುತಿ ಸೇರ್ತಿಲ್ಲ' ಅಂತ ಕೂಗಿದಳು. ನಾನು ಅವಳಿಗೆ ಏನೂ ಹೇಳಿರಲಿಲ್ಲ! ಎ ಸೈಡ್‌ಗೆ 9, ಬಿ ಸೈಡ್‌ಗೆ 9.5. ಶ್ರುತಿಗೆ ಅಂತ ಅರ್ಧ ಅಂಕ ಕಳೆದಿಲ್ಲ. ನುಡಿಸಿದವರು ಸರಿಯಾಗಿಯೇ ನುಡಿಸಿದ್ದರು.

ಮಾರುವವರ ಅಂಕದ ಬಗ್ಗೆಯೂ ಒಂದು ಮಾತು. ಅದು ಸಂಗೀತಕ್ಕಲ್ಲ, ಪ್ಲೇಟಿನ ಸ್ಥಿತಿಗೆ ಕೊಡುವುದು. ಮಿಂಟ್, ನಿಯರ್ ಮಿಂಟ್, ವೆರಿ ಗುಡ್ ಪ್ಲಸ್, ವೆರಿ ಗುಡ್ ಹೀಗೆ ಇಳಿಯುತ್ತದೆ. ಹೊಸಬರು 'ವೆರಿ ಗುಡ್' ನೋಡಿ ಖುಷಿಯಾಗಿ ಕೊಂಡುಬಿಡುತ್ತಾರೆ. ಆ ಮಟ್ಟದ ಪ್ಲೇಟಿನಲ್ಲಿ ಚರಚರ ಸದ್ದು ಇದ್ದೇ ಇರುತ್ತದೆ. ನಾನು ಒಮ್ಮೆ 'ಬಂಗಾರದ ಮನುಷ್ಯ'ದ ಇಪಿ (ಚಿಕ್ಕ ರೆಕಾರ್ಡ್) ಒಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಮಾರಿದವರು ನಿಯರ್ ಮಿಂಟ್ ಅಂದಿದ್ದರು. ಪಿ.ಬಿ. ಶ್ರೀನಿವಾಸ್ ದನಿ ಬರುವ ಮೊದಲೇ ಟಕ್ ಟಕ್ ಬಂತು. ಎಲ್‌ಪಿಯಲ್ಲಿ ಆ ಟಕ್ 1.8 ಸೆಕೆಂಡಿಗೆ ಒಂದು ಸಲ ಬಂದರೆ, 45ರ ವೇಗದ ಇಪಿಯಲ್ಲಿ 1.33 ಸೆಕೆಂಡಿಗೆ ಒಂದು ಸಲ. ಲೆಕ್ಕಕ್ಕೆ ಸರಿಯಾಗಿ ಬರುತ್ತಿದ್ದರೆ ಅದು ಧೂಳಲ್ಲ, ಅಡ್ಡ ಗೀರು. ತೊಳೆದರೂ ಹೋಗಲ್ಲ. ವಾಪಸ್ ತಗೊಳ್ಳಲಿಲ್ಲ. ಆದರೂ ಆ ಇಪಿ ಕೇಳುತ್ತೇನೆ. ಜಿ.ಕೆ. ವೆಂಕಟೇಶ್ ಅವರ ವಾದ್ಯಗಳ ಜೋಡಣೆಗೆ 9.

ಈಗ ನಿಜವಾಗಿ ಹೇಳಬೇಕಾದ ರೆಕಾರ್ಡಿಗೆ ಬರುತ್ತೇನೆ. ಸಿತಾರ್‌ನ ರವಿಶಂಕರ್ ಮತ್ತು ಪಾಶ್ಚಾತ್ಯ ಪಿಟೀಲು ವಾದಕ ಯೆಹೂದಿ ಮೆನುಹಿನ್ ಅವರ 'ವೆಸ್ಟ್ ಮೀಟ್ಸ್ ಈಸ್ಟ್'. 1967ರದ್ದು, ಗ್ರ್ಯಾಮಿ ಬಂದದ್ದು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕಗಳ ಜೊತೆ ಸಿಕ್ಕಿತು. ಮಾರುತ್ತಿದ್ದ ಹಿರಿಯರು 'ಸಿತಾರ್ ಇದೆ ಮೇಡಮ್, ತಗೊಳಿ' ಅಂದರು. ಎ ಸೈಡ್ ಕೇಳಿದೆ. ಸಿತಾರ್ ಸೊಗಸಾಗಿದೆ. ಮೆನುಹಿನ್ ದೊಡ್ಡ ವಿದ್ವಾಂಸರು, ಪ್ರೀತಿಯಿಂದ ಕಲಿತು ನುಡಿಸಿದ್ದಾರೆ. ಆದರೆ ಮೈಸೂರಿನಲ್ಲಿ ಹುಟ್ಟಿ, ಚೌಡಯ್ಯನವರ ಏಳು ತಂತಿಯ ಪಿಟೀಲಿನ ಕಥೆ ಕೇಳಿ ಬೆಳೆದ ನನಗೆ, ಆ ಪಿಟೀಲು ಸ್ವರದಿಂದ ಸ್ವರಕ್ಕೆ ಮೆಟ್ಟಿಲು ಹತ್ತಿದ ಹಾಗೆ ಕೇಳಿತು. ಬರೆದು ಕಲಿತದ್ದು ಅಂತ ಗೊತ್ತಾಗುತ್ತದೆ. 6 ಕೊಟ್ಟು ಎತ್ತಿಟ್ಟೆ. ಬಿ ಸೈಡ್‌ನಲ್ಲಿ ಪೂರ್ತಿ ಪಾಶ್ಚಾತ್ಯ ಸಂಗೀತ ಅಂತ ಕವರ್ ನೋಡಿ, ನಾಲ್ಕು ವರ್ಷ ಮುಟ್ಟಲೇ ಇಲ್ಲ. ಕಾಲಂ ಖಾಲಿ.

ಈ ಸಲ ತಿದ್ದುವಾಗ ಲೇಬಲ್ ಮೇಲೆ ಕಣ್ಣು ಬಿತ್ತು. ಬಿ ಸೈಡ್‌ನ ಲೇಬಲ್‌ನಲ್ಲಿ ಯಾರೋ ಪೆನ್ಸಿಲ್‌ನಿಂದ ಸಣ್ಣದಾಗಿ ಎರಡು ಟಿಕ್ ಹಾಕಿದ್ದಾರೆ. ಎ ಸೈಡ್‌ನಲ್ಲಿ ಒಂದೂ ಇಲ್ಲ. ನನಗಿಂತ ಮೊದಲು ಇದನ್ನು ಇಟ್ಟುಕೊಂಡಿದ್ದವರು ಯಾರೋ, ಯಾವ ಊರಿನವರೋ. ಮುಳ್ಳು ಇಳಿಸಿದೆ.

ಅದು ರೊಮೇನಿಯಾದ ಜಾರ್ಜ್ ಎನೆಸ್ಕು 1926ರಲ್ಲಿ ಬರೆದ ಪಿಟೀಲು ಸೊನಾಟಾ, ಅಂದರೆ ಪಿಟೀಲು ಮತ್ತು ಪಿಯಾನೋಗೆ ಅಂತ ಬರೆದ ರಚನೆ. ಮೆನುಹಿನ್ ಜೊತೆ ಪಿಯಾನೋ ನುಡಿಸಿದವರು ಅವರ ತಂಗಿ ಹೆಫ್ಜಿಬಾ. ಎನೆಸ್ಕು ತನ್ನ ನಾಡಿನ ಹಳ್ಳಿ ಪಿಟೀಲುಗಾರರ ದನಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು. ಶುರುವಿನಲ್ಲೇ ಪಿಟೀಲು ಜಾರುತ್ತದೆ, ನಡುಗುತ್ತದೆ, ಸ್ವರದ ಪಕ್ಕಕ್ಕೆ ಹೋಗಿ ವಾಪಸ್ ಬರುತ್ತದೆ. ಇದು ಗಮಕ ಅಲ್ಲದೆ ಇನ್ನೇನು? ಎ ಸೈಡ್‌ನಲ್ಲಿ ನಾನು ಹುಡುಕಿದ್ದು ಇಲ್ಲಿ ಇತ್ತು. ಎನೆಸ್ಕು ಬಾಲಕ ಮೆನುಹಿನ್‌ಗೆ ಗುರು. ಗುರುವಿನ ಎದುರು ಕೂತು ಕಲಿತದ್ದು ಕೈಯಲ್ಲಿ ಹೇಗೆ ಉಳಿಯುತ್ತದೆ ಅನ್ನುವುದು ಈ ಎರಡು ಬದಿಯನ್ನು ಒಂದರ ಹಿಂದೆ ಒಂದು ಕೇಳಿದರೆ ತಿಳಿಯುತ್ತದೆ. ಬಿ ಸೈಡ್‌ಗೆ 9. ಆ ವಾರ ನಾಲ್ಕು ಸಲ ಕೇಳಿದೆ. ನಾಲ್ಕು ವರ್ಷ ಕಪಾಟಿನಲ್ಲೇ ಇತ್ತಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಪುಸ್ತಕದಲ್ಲಿ ಅಂಕವೇ ಇಲ್ಲದ ಇನ್ನೊಂದು ಸಾಲು ಇತ್ತು. ಎಂ.ಎಸ್. ಸುಬ್ಬುಲಕ್ಷ್ಮಿ ಅವರ ವೆಂಕಟೇಶ ಸುಪ್ರಭಾತ, 1963. ಅಪ್ಪನ ಪ್ಲೇಟು. ಪ್ರತಿ ಶನಿವಾರ ಬೆಳಿಗ್ಗೆ ಸೂಟ್‌ಕೇಸ್‌ನಂಥ ಪ್ಲೇಯರ್‌ನಲ್ಲಿ ಹಾಕುತ್ತಿದ್ದರು. ಈಗಿನ ಮುಳ್ಳು ಪ್ಲೇಟಿನ ಮೇಲೆ ಎರಡು ಗ್ರಾಂ ಭಾರ ಬಿಟ್ಟರೆ ಅದರದ್ದು ಹಲವು ಪಟ್ಟು ಜಾಸ್ತಿ. ಸುಪ್ರಭಾತ ಇರುವ ಬದಿ ಉಳುಮೆ ಮಾಡಿದ ಹೊಲದ ಹಾಗೆ ಬೂದು ಬಣ್ಣಕ್ಕೆ ತಿರುಗಿದೆ. ಇನ್ನೊಂದು ಬದಿ ಇನ್ನೂ ಕರ್ರಗೆ ಹೊಳೆಯುತ್ತದೆ. ಬೂದು ಬದಿಯಲ್ಲಿ ಮಳೆ ಸುರಿದ ಹಾಗೆ ಸದ್ದು. ಅದಕ್ಕೆ ಅಂಕ ಹಾಕಲು ಕೈ ಬಂದಿರಲಿಲ್ಲ.

ಈ ತಿಂಗಳು ಅದರದೇ ಇನ್ನೊಂದು ಪ್ರತಿ ತಂದೆ, ಹೆಚ್ಚು ಆಡಿಸದ್ದು. ಹೊಸ ಮುಳ್ಳು, ಒಳ್ಳೇ ಪ್ಲೇಟು. ಶನಿವಾರ ಬೆಳಿಗ್ಗೆ ಹಾಕಿದೆ. ಎಂ.ಎಸ್. ದನಿಯ ಪಕ್ಕದಲ್ಲಿ, ಸ್ವಲ್ಪ ಹಿಂದೆ, ಇನ್ನೊಂದು ದನಿ. ಎಂ.ಎಸ್. ಅವರ ಮಲಮಗಳು ರಾಧಾ ವಿಶ್ವನಾಥನ್. ಕವರ್ ಮೇಲೆ ಹೆಸರು ನೋಡಿದ್ದೆ, ಆದರೆ ನಮ್ಮ ಪ್ಲೇಟಿನಲ್ಲಿ ಅದು ಯಾವತ್ತೂ ಬೇರೆಯಾಗಿ ಕೇಳಿರಲಿಲ್ಲ. ಇಬ್ಬರೂ ಒಂದೇ ಕಡೆ ಉಸಿರು ತಗೊಂಡು ಒಂದೇ ಕಡೆ ಬಿಡುತ್ತಾರೆ. ಅಡುಗೆಮನೆಯಲ್ಲಿದ್ದ ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲ ಹತ್ತಿರ ನಿಂತಳು.

'ಇದರಲ್ಲಿ ಇಬ್ಬರು ಹಾಡ್ತಾರೇನೇ?'

'ಹೂಂ ಅಮ್ಮ. ಮೊದಲಿಂದಲೂ ಇಬ್ಬರೇ.'

'ನಿಮ್ಮಪ್ಪನಿಗೆ ಇದು ಗೊತ್ತಿತ್ತೋ ಇಲ್ವೋ' ಅಂತ ಅಲ್ಲೇ ಕುರ್ಚಿ ಎಳೆದುಕೊಂಡು ಕೂತಳು. ಒಲೆ ಮೇಲೆ ಹಾಲಿತ್ತು, ನಾನು ಹೋಗಿ ಆರಿಸಿ ಬಂದೆ.

ಎ ಸೈಡ್‌ಗೆ 10. ನನ್ನ ಪುಸ್ತಕದಲ್ಲಿ ಇದೊಂದೇ ಹತ್ತು. ಬಿ ಸೈಡ್ ಅಮ್ಮನ ಜೊತೆ ಮುಂದಿನ ಶನಿವಾರ. ಇಲ್ಲಿವರೆಗೆ 44 ಆಯಿತು, 96 ಬಾಕಿ ಇವೆ.