ಗ್ರಹಣದ ಪಟ್ಟಿ ಚಿತ್ರ: ಶಿವಮೊಗ್ಗದ ನಮ್ಮ ಟೆರೇಸಿನಿಂದ

ಆಗಸ್ಟ್ 31, 2025

ಸೆಪ್ಟೆಂಬರ್ 7ರ ಖಗ್ರಾಸ ಚಂದ್ರಗ್ರಹಣವನ್ನು ಕಾಲು ಗಂಟೆಗೊಂದರಂತೆ ಫೋಟೊ ತೆಗೆದು ಒಂದೇ ಪಟ್ಟಿಯಲ್ಲಿ ಜೋಡಿಸಬೇಕು. ಪ್ಲಾನು ಇಷ್ಟೇ. ಮೂರು ತಿಂಗಳ ಮೇಲೆ ಕ್ಯಾಮೆರಾ ಹೊರಗೆ ತೆಗೆದರೆ ಲೆನ್ಸಿನ ಅಂಚಿಗೆ ಬೂಷ್ಟು! ಚಪ್ಪಲಿ, ಬೆಲ್ಟನ್ನೇ ಬಿಡದ ಮಲೆನಾಡಿನ ಮಳೆಗಾಲ ಲೆನ್ಸನ್ನು ಬಿಟ್ಟೀತೇ? ಪುಣ್ಯಕ್ಕೆ ಒರೆಸಿದರೆ ಹೋಯಿತು.

ಸೆಪ್ಟೆಂಬರ್ 6

ಗೆಳೆಯರೆಲ್ಲ ಕುಂದಾದ್ರಿಗೆ ಹೋಗೋಣ ಅಂತಿದ್ದಾರೆ. ನಾನು ಒಲ್ಲೆ ಅಂದೆ. ಖಗ್ರಾಸದ ಹೊತ್ತಿಗೆ ಚಂದ್ರ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತಾನೆ, ಬೆಟ್ಟ ಹತ್ತಿ ಆಗಬೇಕಾದ್ದೇನು? ಮೇಲಾಗಿ ಘಟ್ಟದ ಅಂಚಿನಲ್ಲಿ ಮೋಡ ನಮಗಿಂತ ಜಾಸ್ತಿ.

ಸೆಪ್ಟೆಂಬರ್ 7, ಭಾನುವಾರ

ಅಮ್ಮನ ಆಜ್ಞೆಯಂತೆ ಮಧ್ಯಾಹ್ನವೇ ಊಟ ಮುಗಿಯಿತು. ಉಪ್ಪಿನಕಾಯಿ ಜಾಡಿಯ ಮೇಲೆ ದರ್ಭೆ ಬಂತು.

ರಾತ್ರಿ 9:57ಕ್ಕೆ ನೆರಳು ತಾಗಬೇಕಿತ್ತು. ಆಗ ಕಂಡದ್ದು ಬರೀ ಮೋಡ. 10:20ಕ್ಕೆ ಸರಿಯಿತು. ಅಷ್ಟರಲ್ಲಿ ಇನ್ನೊಂದು ತಾಪತ್ರಯ: ಅಗ್ಗದ ಟ್ರೈಪಾಡಿನ ತಲೆ ಅಷ್ಟು ಮೇಲಕ್ಕೆ ಏಳುವುದೇ ಇಲ್ಲ. ಮುಂದಿನ ಕಾಲಿನ ಕೆಳಗೆ ಎರಡು ಇಟ್ಟಿಗೆ ಇಟ್ಟೆ, ದಾರಿಗೆ ಬಂತು.

11 ಗಂಟೆಗೆ ಪೂರ್ತಿ ನೆರಳೊಳಗೆ. ಅಲ್ಲಿಂದ 82 ನಿಮಿಷ ಖಗ್ರಾಸ. ಮಾಮೂಲು ಹುಣ್ಣಿಮೆಗೆ ಶಟರ್ ಸೆಕೆಂಡಿನ 250ನೇ ಒಂದು ಭಾಗ ತೆರೆದರೆ ಸಾಕಾಗುವ ಕಡೆ ಈಗ ಒಂದೂವರೆ ಸೆಕೆಂಡ್, ಐಎಸ್‌ಒ (ಕ್ಯಾಮೆರಾ ಬೆಳಕು ಹಿಡಿಯುವ ಸೂಕ್ಷ್ಮತೆ) 1600. ಭೂಮಿಯ ಗಾಳಿಯಲ್ಲಿ ನೀಲಿ ಬೆಳಕು ಚದುರಿ, ಬಾಗಿ ಬಂದ ಕೆಂಪಷ್ಟೇ ಚಂದ್ರನಿಗೆ ದಕ್ಕುವುದರಿಂದ ಅಷ್ಟು ಮಂಕು. ಪೂರ್ವಕ್ಕೆ ಸ್ವಲ್ಪ ದೂರದಲ್ಲಿ ಶನಿ, ಹುಣ್ಣಿಮೆಯ ಬೆಳಕಿಲ್ಲದ್ದಕ್ಕೆ ಸ್ಪಷ್ಟವಾಗಿ.

11:40ರ ಫೋಟೊ ಹಾಲಿನಂತೆ ಬಂತು. ಮೋಡ ಅಂದುಕೊಂಡು ತಲೆ ಎತ್ತಿದರೆ ಆಕಾಶ ನಿಚ್ಚಳ! ಟಾರ್ಚ್ ಬಿಟ್ಟು ನೋಡಿದೆ: ಲೆನ್ಸಿನ ಗಾಜಿನ ತುಂಬ ಇಬ್ಬನಿ, ಸಾಸಿವೆ ಗಾತ್ರದ ಹನಿಗಳು. ತಂಗಿಯ ಹೇರ್ ಡ್ರೈಯರ್ ತರಿಸಿ ದೂರದಿಂದ ಬಿಸಿಗಾಳಿ ಕೊಟ್ಟೆ. ಗ್ರಹಣದ ನಟ್ಟನಡುವಿನ ಹೊತ್ತು ಹೋಗಿದ್ದು ಹೀಗೆ.

ಅಮ್ಮ ಅಷ್ಟರಲ್ಲಿ ಮೇಲೆ ಬಂದಿದ್ದರು. "ಹುಣಸೆಹಣ್ಣು ಹಾಕಿ ತಿಕ್ಕದೇ ಬಿಟ್ಟ ಚೊಂಬಿನ ಹಾಗಿದೆ ಕಣೋ" ಅಂದರು. ಗ್ರಹಣದ ಬಣ್ಣ ಅಳೆಯೋಕೆ 0ರಿಂದ 4ರವರೆಗೆ ಡಾಂಜೋನ್ ಮಾಪಕ ಅಂತ ಒಂದಿದೆ. ನಾನು 2 ಅಂತ ಬರೆದುಕೊಂಡೆ, ಆದರೆ ಚೊಂಬೇ ಸರಿ ಅನ್ನಿಸಿತು.

1:26ಕ್ಕೆ ಕೆಳಗಿನಿಂದ ಕೂಗು: "ಮೋಕ್ಷ ಆಯ್ತೇನೋ? ನೀರು ಕಾದಿದೆ."

ಸೆಪ್ಟೆಂಬರ್ 14

15ರಲ್ಲಿ ಪಟ್ಟಿಗೆ ದಕ್ಕಿದ್ದು 8. ಜೋಡಿಸಿದ್ದೇನೆ, ನಡುವೆ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತದೆ.

ಮುಂದಿನದು 2026ರ ಮಾರ್ಚ್ 3, ಹೋಳಿ ಹುಣ್ಣಿಮೆ. ಅವತ್ತು ಲೆಕ್ಕವೇ ಉಲ್ಟಾ. ಚಂದ್ರ ಹುಟ್ಟುವಾಗಲೇ ಗ್ರಹಣ ಹಿಡಿದಿರುತ್ತದೆ, ಸಂಜೆ 6:47ರ ಸುಮಾರಿಗೆ ಬಿಡುತ್ತದೆ. ನಮಗೆ ಸಿಗುವುದು ಹತ್ತು ನಿಮಿಷ ಇರಬಹುದು, ಅದೂ ದಿಗಂತದ ಅಂಚಿನಲ್ಲಿ. ಟೆರೇಸಿಂದ ಪೂರ್ವಕ್ಕೆ ಎದುರುಮನೆಯ ನೀರಿನ ಟ್ಯಾಂಕ್. ಹೊನ್ನಾಳಿ ರಸ್ತೆಯ ಗದ್ದೆ ಬಯಲಿನ ಕಡೆ ಬೈಕಲ್ಲಿ ಒಂದು ಸುತ್ತು ಹೋಗಿ, ಕರೆಂಟು ಕಂಬ ಅಡ್ಡ ಬರದ ಜಾಗ ನೋಡಿಟ್ಟುಕೊಳ್ಳಬೇಕು.