ಗೆಲಿಲಿಯೊ ತಾಪಮಾಪಕ: ಒಂದು ಡಿಗ್ರಿ ನುಂಗಿದ ಗುಳ್ಳೆ

ಕೊನೆಗೂ 28ರ ಸೀಸೆ 28ಕ್ಕೇ ಮುಳುಗಿತು! ಗೆಲಿಲಿಯೊ ತಾಪಮಾಪಕವೆಂದರೆ ದ್ರವದ ಜಾಡಿಯಲ್ಲಿ ತೇಲುವ, ಒಂದೊಂದು ಡಿಗ್ರಿಗೆ ಹೊಂದಿಸಿದ ಸೀಸೆಗಳು. ದ್ರವ ಬೆಚ್ಚಗಾಗಿ ಹಿಗ್ಗಿ ಸಾಂದ್ರತೆ ಇಳಿದಂತೆ ಅವು ಒಂದೊಂದಾಗಿ ಮುಳುಗುತ್ತವೆ.

ಒಂಬತ್ತನೇ ತರಗತಿಗೆ ತೇಲುವಿಕೆಯನ್ನೂ ಉಷ್ಣ ವ್ಯಾಕೋಚನವನ್ನೂ ಒಂದೇ ಜಾಡಿಯಲ್ಲಿ ತೋರಿಸಬೇಕೆಂಬುದು ನನ್ನ ಹಟ. ಆದರೆ ನೀರು ಮಹಾ ಜಿಪುಣ. ಮೂವತ್ತರ ಆಸುಪಾಸಿನಲ್ಲಿ ಒಂದು ಡಿಗ್ರಿ ಏರಿದರೆ ಅದರ ಸಾಂದ್ರತೆ ಮಿಲಿಲೀಟರಿಗೆ 0.3 ಮಿಲಿಗ್ರಾಂನಷ್ಟು ಮಾತ್ರ ಇಳಿಯುತ್ತದೆ. ನನ್ನ ಇಂಜೆಕ್ಷನ್ ಸೀಸೆಗಳ ಹೊರ ಗಾತ್ರ ಸುಮಾರು 15 ಮಿ.ಲೀ. ಅಲ್ಲಿಗೆ ಸೀಸೆಯ ತೂಕದಲ್ಲಿ ಡಿಗ್ರಿಗೆ ನಾಲ್ಕೂವರೆ ಮಿಲಿಗ್ರಾಂ ವ್ಯತ್ಯಾಸ. ಶಾಲೆಯ ತಕ್ಕಡಿಗೆ ಹತ್ತು ಮಿಲಿಗ್ರಾಂಗಿಂತ ಕೆಳಗೆ ಕಣ್ಣೇ ಕಾಣದು. ‘ಎಲ್ಲವೂ ಒಂದೇ ಅಳತೆ, ಸಾರ್’ ಎಂದು ಆಣೆಯಿಟ್ಟ ಅಂಗಡಿಯವರ ಸೀಸೆಗಳಲ್ಲಿ ಒಂದೇ ತೂಕದ ಜೋಡಿಯೂ ಸಿಗಲಿಲ್ಲ.

ಹಾಗಾಗಿ ತೂಗುವುದನ್ನು ಬಿಟ್ಟು ಉದ್ದ ಅಳೆಯತೊಡಗಿದೆ. ಮೋಟಾರ್ ರಿವೈಂಡಿಂಗ್ ಅಂಗಡಿಯ ಕಸದಿಂದ ಹೆಕ್ಕಿದ 0.2 ಮಿ.ಮೀ. ತಾಮ್ರದ ತಂತಿ ನೀರೊಳಗೆ ಮಿಲಿಮೀಟರಿಗೆ ಕಾಲು ಮಿಲಿಗ್ರಾಂ ತೂಗುತ್ತದೆ. ಅದನ್ನು ಸೀಸೆಗೆ ಕಟ್ಟಿದರೆ ಒಂದು ಡಿಗ್ರಿಗೆ ಸುಮಾರು 18 ಮಿ.ಮೀ. ತಂತಿ. ಸ್ಕೇಲು, ಕತ್ತರಿ ಇದ್ದರೆ ಆಯಿತು.

ಆದರೂ ಬೆಳಿಗ್ಗೆ ಮುಳುಗಿದ ಸೀಸೆ ಮಧ್ಯಾಹ್ನ, ನೀರು ಇನ್ನಷ್ಟು ಬೆಚ್ಚಗಾದ ಮೇಲೆ, ಮೇಲೆದ್ದು ಬರುತ್ತಿತ್ತು. ಪಾಠಕ್ಕೆ ತದ್ವಿರುದ್ಧ! ಭೂತಗನ್ನಡಿ ಹಿಡಿದು ನೋಡಿದರೆ ರಬ್ಬರ್ ಬಿರಡೆಯ ಅಂಚಿನಲ್ಲಿ ಒಂದು ಗುಳ್ಳೆ. ಎರಡು ಮಿ.ಮೀ. ವ್ಯಾಸದ ಗುಳ್ಳೆ ನಾಲ್ಕು ಮಿಲಿಗ್ರಾಂ ಎತ್ತುತ್ತದೆ. ಒಂದು ಡಿಗ್ರಿ ಗುಳುಂ. ನಲ್ಲಿ ನೀರು ಬೆಚ್ಚಗಾದಂತೆ ಅದರಲ್ಲಿ ಕರಗಿದ್ದ ಗಾಳಿ ಹೊರಬಂದು ಒರಟು ಜಾಗ ಹುಡುಕಿ ಕೂರುತ್ತದೆ. ನೀರನ್ನು ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ಆರಿಸಿ, ಜಾಡಿಯ ಗೋಡೆಗುಂಟ ಮೆಲ್ಲಗೆ ಸುರಿದೆ. ಬಿರಡೆಯಂಚಿಗೆ ಎಂ-ಸೀಲ್ ಸವರಿ ನುಣುಪು ಮಾಡಿ, ತಂತಿಯನ್ನು ಮತ್ತೆ ಕತ್ತರಿಸಿದೆ. ಕುದಿಸಿದಾಗ ಬೋರ್‌ವೆಲ್ ನೀರಿನ ಸುಣ್ಣ ತಳ ಹಿಡಿದು ಸಾಂದ್ರತೆಯೂ ಬದಲಾಗುತ್ತದೆ. ಹಳೆಯ ಲೆಕ್ಕ ನಡೆಯದು.

ಅಂದಹಾಗೆ, ಹೆಸರು ಗೆಲಿಲಿಯೊನದಾದರೂ ಇದನ್ನು ಮಾಡಿದವರು 1657ರಲ್ಲಿ ಆರಂಭವಾದ ಫ್ಲಾರೆನ್ಸಿನ ಅಕಾಡೆಮಿಯಾ ದೆಲ್ ಚಿಮೆಂಟೊ ಎಂಬ ವಿಜ್ಞಾನಿಗಳ ಕೂಟದವರು. ಆತ ತೀರಿಕೊಂಡದ್ದು 1642ರಲ್ಲೇ. ಅವರು ತುಂಬಿದ್ದು ನೀರಲ್ಲ, ಮದ್ಯಸಾರ. ಡಿಗ್ರಿಗೆ ಸುಮಾರು ಮೂರು ಪಟ್ಟು ವ್ಯತ್ಯಾಸ ಕೊಡುತ್ತದೆ, ಜಾಣರು. ನಾನು ಅದನ್ನು ಜಾಡಿಗಟ್ಟಲೆ ತರಿಸಿದರೆ ಮುಖ್ಯೋಪಾಧ್ಯಾಯರಿಗೆ ಏನೆಂದು ಹೇಳಲಿ?

ಡಿಸೆಂಬರಿಗೆ ಕೊಬ್ಬರಿ ಎಣ್ಣೆ. 24 ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟುವುದರಿಂದ ಐಸ್ ಇಲ್ಲದೆಯೇ ಗುಪ್ತೋಷ್ಣದ (ಹೆಪ್ಪುಗಟ್ಟುವಾಗ ತಾಪ ಇಳಿಯದೆಯೇ ಹೊರಬೀಳುವ ಶಾಖದ) ನಕ್ಷೆ ಎಳೆಯಬಹುದು. ಗಟ್ಟಿಯಾದ ಎಣ್ಣೆ ಮಂಜುಗಡ್ಡೆಯಂತೆ ತೇಲದೆ ತಳ ಸೇರುವುದನ್ನು ಕಂಡು ಹುಡುಗರು ಜಗಳವಾಡಲೇಬೇಕು. ಅಷ್ಟರೊಳಗೆ 32ರ ಸೀಸೆಗೆ ತಂತಿ ಕಟ್ಟಬೇಕು. ಸಮತೂಕದ ಸೀಸೆ ಮಾರುವವರು ಯಾರಾದರೂ ಗೊತ್ತಿದ್ದರೆ ತಿಳಿಸಿ.