ಬಂದೂಕು ಕಂಪನಿಯ ಷೇರು ಇಟ್ಟುಕೊಂಡ ಸಿಸ್ಟರ್‌ಗಳು

ಬಂದೂಕು ಹಿಂಸೆ ತಗ್ಗಿಸಲು ಅಮೆರಿಕದ ಕ್ಯಾಥೊಲಿಕರು ಏನು ಮಾಡುತ್ತಿದ್ದಾರೆ ಎಂದು ಕೇಳಿದರೆ ಥಟ್ಟನೆ ನೆನಪಾಗುವುದು ಷಿಕಾಗೊದ ಸೇಂಟ್ ಸಬೀನಾ ಚರ್ಚಿನವರು ಜನರಿಗೆ ದುಡ್ಡು ಕೊಟ್ಟು ಬಂದೂಕು ವಾಪಸು ಪಡೆದದ್ದು. ಸುದ್ದಿಗೆ ಅಷ್ಟಾಗಿ ಒದಗದ, ಸಿಸ್ಟರ್‌ಗಳು ಅಂದರೆ ಕ್ರೈಸ್ತ ಸನ್ಯಾಸಿನಿಯರು ಹಿಡಿದ ಇನ್ನೊಂದು ದಾರಿಯೂ ಇದೆ. ಬಂದೂಕು ತಯಾರಿಸುವ ಕಂಪನಿಯ ಷೇರು ಕೊಂಡು, ಅದರ ವಾರ್ಷಿಕ ಸಭೆಯಲ್ಲೇ ಗೊತ್ತುವಳಿ ಮಂಡಿಸುವುದು.

ಷೇರು ಲಾಭಕ್ಕಲ್ಲ, ಬಾಯಿ ತೆರೆಯುವ ಹಕ್ಕಿಗೆ. ಅಮೆರಿಕದ ಷೇರುಪೇಟೆಯ ನಿಯಂತ್ರಕ ಎಸ್‌ಇಸಿಯ 14ಎ-8 ನಿಯಮದ ಪ್ರಕಾರ, 2020ರ ತಿದ್ದುಪಡಿಯ ನಂತರ, 2,000 ಡಾಲರ್ ಬೆಲೆಯ ಷೇರು ಮೂರು ವರ್ಷ, 15,000 ಡಾಲರಿನದು ಎರಡು ವರ್ಷ ಅಥವಾ 25,000 ಡಾಲರಿನದು ಒಂದು ವರ್ಷ ಸತತವಾಗಿ ಗೊತ್ತುವಳಿ ಸಲ್ಲಿಸುವವರ ಕೈಯಲ್ಲಿರಬೇಕು. ನಾಲ್ಕು ಧಾರ್ಮಿಕ ಸಂಸ್ಥೆಗಳು ತಮ್ಮ ತಮ್ಮ ಷೇರು ಒಟ್ಟುಗೂಡಿಸಿ ಈ ಮಿತಿ ಮುಟ್ಟಿಸುವಂತಿಲ್ಲ. ಹಾಗಾಗಿ ಇದು ವರ್ಷಗಟ್ಟಲೆ ಮೊದಲೇ ಯೋಚಿಸಿ ಇಳಿಯಬೇಕಾದ ಕೆಲಸ.

ಎಡವುವುದು ಹೆಚ್ಚಾಗಿ ಕಾಗದಪತ್ರದಲ್ಲಿ. ಷೇರು ನಿಮ್ಮದೇ ಎಂದು ಬ್ರೋಕರ್ ಕೊಡುವ ಪತ್ರ, ಗೊತ್ತುವಳಿ ಸಲ್ಲಿಸಿದ ದಿನದವರೆಗಿನ ಅವಧಿಯನ್ನು ಪೂರ್ತಿ ಒಳಗೊಂಡಿರಬೇಕು. ಒಂದು ದಿನ ಕಡಿಮೆಯಾದರೂ ಕಂಪನಿ ಆಕ್ಷೇಪಣೆ ಕಳಿಸುತ್ತದೆ, ಸರಿಪಡಿಸಲು ಸಿಗುವುದು 14 ದಿನ. ಗೊತ್ತುವಳಿ, ಸಮರ್ಥನೆ ಎರಡೂ ಸೇರಿ 500 ಪದ ಮೀರಬಾರದು. 'ನಿರ್ದೇಶಕ ಮಂಡಳಿ ಇದನ್ನು ಮಾಡತಕ್ಕದ್ದು' ಎಂದು ಬರೆದರೆ ತಿರಸ್ಕಾರಕ್ಕೆ ನೀವೇ ಕಾರಣ ಒದಗಿಸಿದಂತೆ. 'ಷೇರುದಾರರು ಕೋರುತ್ತಾರೆ' ಎನ್ನಬೇಕು. ಇಂಥ ಬಂದೂಕು ಮಾರಬೇಡಿ ಎಂದು ನೇರವಾಗಿ ಬರೆದರೆ 'ಇದು ದಿನನಿತ್ಯದ ವ್ಯವಹಾರ, ಷೇರುದಾರರ ವಿಷಯವಲ್ಲ' ಎಂದು ಕಂಪನಿ ಪಕ್ಕಕ್ಕೆ ಸರಿಸಲು ನೋಡುತ್ತದೆ. ಹಾಗೆ ಬರೆಯುವ ಬದಲು ಕಂಪನಿಯಿಂದ ವರದಿ ಕೇಳುವುದು ಅದಕ್ಕೇ. ಸಭೆಗೆ ಹಾಜರಾಗಿ ಮಂಡಿಸುವುದನ್ನಂತೂ ತಪ್ಪಿಸಲೇಬಾರದು. ಸರಿಯಾದ ಕಾರಣವಿಲ್ಲದೆ ಗೈರಾದರೆ ಮುಂದಿನ ಎರಡು ವರ್ಷ ನಿಮ್ಮ ಗೊತ್ತುವಳಿಗಳನ್ನು ಕಂಪನಿ ಕೈಬಿಡಬಹುದು.

2018ರ ಮೇ ತಿಂಗಳಲ್ಲಿ ಬಂದೂಕು ಕಂಪನಿ ಸ್ಟರ್ಮ್ ರೂಗರ್‌ನ ಸಭೆಯಲ್ಲಿ ಗೆದ್ದದ್ದು ಇಂಥದೇ ಗೊತ್ತುವಳಿ. ಸಲ್ಲಿಸಿದ್ದು ಕ್ಯಾಥೊಲಿಕ್ ಹೆಲ್ತ್ ಇನಿಶಿಯೇಟಿವ್ಸ್ ಎಂಬ ಆಸ್ಪತ್ರೆ ಸಂಸ್ಥೆ; ಹಿಂದೆ ನಿಂತು ಮುನ್ನಡೆಸಿದವರು ಏಡ್ರಿಯನ್ ಡೊಮಿನಿಕನ್ ಎಂಬ ಸನ್ಯಾಸಿನಿಯರ ಸಂಘದ ಸಿಸ್ಟರ್ ಜೂಡಿ ಬೈರನ್. ಕೇಳಿದ್ದು ಮೂರು ಸಂಗತಿ: ನಿಮ್ಮ ಬಂದೂಕುಗಳಿಂದಾದ ಹಿಂಸೆಯ ಮೇಲೆ ನಿಗಾ ಇಟ್ಟಿದ್ದೀರಾ, ಹೆಚ್ಚು ಸುರಕ್ಷಿತ ಬಂದೂಕಿಗಾಗಿ ಏನು ಮಾಡಿದ್ದೀರಿ, ಕಂಪನಿಯ ಹೆಸರಿಗೂ ಹಣಕ್ಕೂ ಇರುವ ಅಪಾಯವೆಷ್ಟು. ಸಲ್ಲಿಕೆಯ ಗಡುವು ತಿಂಗಳುಗಳ ಮೊದಲೇ ಮುಗಿಯುವುದರಿಂದ, ಫೆಬ್ರವರಿ 14ರಂದು ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಮಂದಿ ಸಾಯುವ ಹೊತ್ತಿಗೆ ಕಾಗದ ಕಂಪನಿಯ ಕೈಸೇರಿತ್ತು. ಆ ಘಟನೆಯ ನಂತರ ಬ್ಲ್ಯಾಕ್‌ರಾಕ್‌ನಂಥ ದೊಡ್ಡ ಹೂಡಿಕೆದಾರರೂ ಪರವಾಗಿ ಮತ ಹಾಕಿದರು. ಸಿಸ್ಟರ್‌ಗಳ ಕೈಲಿರುವ ಷೇರಿನಿಂದ ಯಾವ ಮತವೂ ಗೆಲ್ಲುವುದಿಲ್ಲ, ಗೆಲ್ಲಿಸುವವರು ಇಂಥವರೇ. ಸೆಪ್ಟೆಂಬರಿನಲ್ಲಿ, ಆಗ ಬಂದೂಕು ತಯಾರಕ ಸ್ಮಿತ್ ಅಂಡ್ ವೆಸನ್‌ನ ಒಡೆತನ ಹೊಂದಿದ್ದ ಅಮೆರಿಕನ್ ಔಟ್‌ಡೋರ್ ಬ್ರ್ಯಾಂಡ್ಸ್‌ನಲ್ಲೂ ಗೊತ್ತುವಳಿ ಗೆದ್ದಿತು.

2019ರ ಫೆಬ್ರವರಿಯಲ್ಲಿ ಎರಡೂ ಕಂಪನಿಗಳ ವರದಿ ಬಂತು. ಹೆಚ್ಚಿನ ಭಾಗ ಸಮಜಾಯಿಷಿಯೇ. ಗೊತ್ತುವಳಿಯ ಮಿತಿ ಇರುವುದು ಇಲ್ಲೇ: ವರದಿ ಬರೆಯಿಸಬಹುದು, ವ್ಯಾಪಾರದ ರೀತಿ ಬದಲಿಸಲಾಗದು. ಹಾಗೆಂದು ಇದು ವ್ಯರ್ಥವಲ್ಲ. ಕಂಪನಿ ತನ್ನದೇ ಸಹಿ ಹಾಕಿ ಕೊಟ್ಟ ಉತ್ತರ ಮುಂದಿನ ಪ್ರಶ್ನೆಗೆ ಮೆಟ್ಟಿಲಾಗುತ್ತದೆ. 2022ರಲ್ಲಿ ರೂಗರ್ ಷೇರುದಾರರು ಮಾನವ ಹಕ್ಕುಗಳ ಮೇಲಿನ ಪರಿಣಾಮದ ಅಧ್ಯಯನ ಕೋರಿದ ಗೊತ್ತುವಳಿಯನ್ನೂ ಗೆಲ್ಲಿಸಿದರು. ಸೋತರೂ ಪೂರ್ತಿ ಸೋಲಲ್ಲ. ಅದೇ ವಿಷಯ ಮತ್ತೆ ತರಲು ಮೊದಲ ಸಲ ಶೇ 5, ಎರಡನೇ ಸಲ ಶೇ 15, ಆಮೇಲೆ ಶೇ 25 ಮತ ಬಿದ್ದಿದ್ದರೆ ಸಾಕು.

2023ರ ಡಿಸೆಂಬರಿನಲ್ಲಿ ನಾಲ್ಕು ಸಿಸ್ಟರ್ ಸಂಸ್ಥೆಗಳು ಸಭೆಯ ಬಾಗಿಲು ಬಿಟ್ಟು ನೆವಾಡದ ಕೋರ್ಟಿನ ಬಾಗಿಲು ತಟ್ಟಿದವು. ಎಆರ್-15 ಮಾದರಿಯ ರೈಫಲ್‌ಗಳನ್ನು ಮಾರುವ ರೀತಿಯಿಂದ ಸ್ಮಿತ್ ಅಂಡ್ ವೆಸನ್ ನಿರ್ದೇಶಕರು ಕಂಪನಿಯನ್ನೇ ಅಪಾಯಕ್ಕೆ ಒಡ್ಡಿದ್ದಾರೆ ಎಂಬುದು ಆರೋಪ. ಷೇರುದಾರರು ಕಂಪನಿಯ ಪರವಾಗಿಯೇ ಹೂಡುವ ಇಂಥ ದಾವೆಯಲ್ಲಿ ಪರಿಹಾರ ಸಿಕ್ಕರೆ ಅದು ಹೋಗುವುದು ಕಂಪನಿಯ ಖಾತೆಗೆ, ಸಿಸ್ಟರ್‌ಗಳಿಗಲ್ಲ.